ಲೇಸರ್ ಟೇಪ್ ರಿವ್ಯೂ: ಬೆಳಕಿನ ಸ್ಪೀಡ್ ಹೇಳೂದಿಲ್ಲ, ಆದ್ರ ಪೈಸಾ ವಸೂಲ್

ಪುಣೆದಾಗ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಆಫೀಸ್ ಪಾರ್ಟಿಶನ್ ಕೆಲಸ ಹಿಡಿಯೋ ನಮ್ಮ ಕಡೆ ಮಂದಿ ಭಾಳ ಅದಾರ, ಅವರಿಗೂ, ಮನ್ಯಾಗ ಸೈನ್ಸ್ ಹುಚ್ಚಿನ ಹುಡುಗ್ರು ಇದ್ದವರಿಗೂ ಉಪಯೋಗ ಆಗ್ಲಿ ಅಂತ ಈ ರಿವ್ಯೂ. ಸಾಮಾನು ಏನಂದ್ರ ಲೇಸರ್ ಡಿಸ್ಟನ್ಸ್ ಮೀಟರ್, ಸೈಟ್ ಮ್ಯಾಲ ಎಲ್ಲಾರೂ ಲೇಸರ್ ಟೇಪ್ ಅಂತಾರ. ಒಂದು ಕೈಯಾಗ ಹಿಡಿಯೋಷ್ಟ ಇರತೈತಿ, ಬಟನ್ ಒತ್ತಿದ್ರ ಕೆಂಪು ಚುಕ್ಕಿ ಎದುರಿನ ಗ್ವಾಡಿ ಮ್ಯಾಲ ಬೀಳ್ತೈತಿ, ಇನ್ನೊಮ್ಮೆ ಒತ್ತಿದ್ರ ದೂರ ಎಷ್ಟು ಅಂತ ಸ್ಕ್ರೀನ್ ಮ್ಯಾಲ ಬರತೈತಿ. ಬ್ರಾಂಡ್ ಹೆಸರು ಹಾಕೂದಿಲ್ಲ, ಯಾಕಂದ್ರ ಇದ ಮಷಿನ್ ಮೂರು ನಾಕು ಹೆಸರಿನ ಡಬ್ಬಿ ಒಳಗ ಬ್ಯಾರೆ ಬ್ಯಾರೆ ಬಣ್ಣದಾಗ ಸಿಗತೈತಿ, ಒಳಗಿನ ಮಾಲು ಒಂದ. ನಾ ತಗೊಂಡಿದ್ದು ರವಿವಾರ ಪೇಠದ ಬೋಹರಿ ಆಳಿ ಒಳಗ, ರೇಟು ಎರಡು ಸಾವಿರದ ಆಸುಪಾಸು, ಆನ್‌ಲೈನ್ ಒಳಗ ಚೂರು ಕಡಿಮಿಗೂ ಸಿಗತೈತಿ ಆದ್ರ ಕೈಯಾಗ ಹಿಡಿದು ನೋಡಿ ತಗೊಳ್ಳೂದು ಬ್ಯಾರೆನ.

ಅಂಗಡ್ಯಾಗ ಮಾಲು ತೋರಸೋ ಹುಡುಗ ಜತ್ ಕಡೆಯವ, ನಾ ಫೋನಿನ್ಯಾಗ ಕನ್ನಡ ಮಾತಾಡೂದು ಕೇಳಿದ್ದ ತಡ ಮರಾಠಿ ಬಿಟ್ಟು "ಕಾಕಾರ, ಇದನ್ನ ಒಯ್ರಿ, ಬೆಳಕಿನ ಸ್ಪೀಡ್ ಮ್ಯಾಲ ಅಳತಿ ಮಾಡ್ತೈತಿ, ಒಳಗ ಸ್ಟಾಪ್‌ವಾಚ್ ಐತಿ" ಅಂದ. ಡಬ್ಬಿ ಮ್ಯಾಲನೂ ಹಂಗ ಬರದಾರ, ಬೆಳಕು ಗ್ವಾಡಿಗೆ ಹೋಗಿ ಬರೋ ಟೈಮ್ ಎಣಿಸಿ ದೂರ ಹೇಳ್ತೈತಿ ಅಂತ. ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೇನೂ ಅಲ್ಲ, ಅದನ್ನ ಕೆಳಗ ಬಿಡಿಸಿ ಹೇಳ್ತೀನಿ, ಮೊದಲ ಕೆಲಸದ ಮಾತು.

ಕೆಲಸಕ್ಕ ಚಲೋ ಐತಿ. ಸೀಲಿಂಗ್ ಹೈಟ್ ತಗೊಳ್ಳಾಕ ಏಣಿ ಹುಡುಕೂದು ಬ್ಯಾಡ, ಟೇಪಿನ ಇನ್ನೊಂದು ತುದಿ ಹಿಡಿಯಾಕ ಒಬ್ಬ ಹುಡುಗ ಬೇಕಾಗಿಲ್ಲ, ಸಾಮಾನು ತುಂಬಿದ ಖೋಲಿ ಒಳಗ ಕಾಟಿನ ಮ್ಯಾಲಿಂದನ ಅಳತಿ ಸಿಗತೈತಿ. ಇಪ್ಪತ್ತು ಫೂಟಿನ ಹಾಲ್ ಒಳಗ ಸ್ಟೀಲ್ ಟೇಪ್ ನಡುವ ಜೋತು ಬೀಳ್ತೈತಿ, ಒಬ್ಬ ಜಗ್ಗಿದ್ರ ಒಂದು ಅಳತಿ, ಇನ್ನೊಬ್ಬ ಜಗ್ಗಿದ್ರ ಇನ್ನೊಂದು. ಇದಕ್ಕ ಆ ಕಿರಿಕಿರಿ ಇಲ್ಲ. ಕಂಪನಿ ಹೇಳೂದು ಪ್ಲಸ್ ಮೈನಸ್ ಎರಡು ಮಿಲಿಮೀಟರ್ ಅಂತ, ಖೋಲಿ ಒಳಗ ನನಗೂ ಅಷ್ಟರಾಗ ಬರತೈತಿ. ನಮ್ಮ ಸುತಾರ್ ಮಂದಿ ಸೂತದ ಲೆಕ್ಕದಾಗ ಮಾತಾಡ್ತಾರಲ್ಲ, ಇಂಚಿನ ಎಂಟನೇ ಭಾಗ ಒಂದು ಸೂತ, ಮೂರು ಮಿಲಿಮೀಟರಿಗೆ ಚೂರು ಮ್ಯಾಲ, ಅಂದ್ರ ಈ ಮಷಿನ್ ಒಂದು ಸೂತದೊಳಗ ಹೇಳ್ತೈತಿ. ಪ್ಲೈವುಡ್ ಕಟಿಂಗಿಗೆ ಸಾಕು. ಗ್ಲಾಸ್ ಆರ್ಡರ್ ಕೊಡಬೇಕಾದ್ರ ಮಾತ್ರ ಸ್ಟೀಲ್ ಟೇಪ್‌ಲೆ ಇನ್ನೊಮ್ಮೆ ನೋಡ್ಕೊಳ್ರಿ, ಟಫನ್ ಮಾಡಿದ ಮ್ಯಾಲ ಗಾಜು ಕೊಯ್ಯಾಕ ಬರೂದಿಲ್ಲ.

ಈಗ ಆ ಸ್ಟಾಪ್‌ವಾಚ್ ವಿಷಯ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಅಂತ ಸಾಲ್ಯಾಗ ಬಾಯಿಪಾಠ ಮಾಡೇವಿ, ಆದ್ರ ಮೂರು ಲಕ್ಷ ಅನ್ನೂದು ಕೈಗೆ ಸಿಗೋ ನಂಬರ್ ಅಲ್ಲ. ಉಲ್ಟಾ ಕಡಿಂದ ನೋಡ್ರಿ. ಒಂದು ಸೆಕೆಂಡನ್ನ ನೂರು ಕೋಟಿ ತುಂಡು ಮಾಡಿದ್ರ ಒಂದು ತುಂಡು ಒಂದು ನ್ಯಾನೋಸೆಕೆಂಡ್, ಆ ಒಂದು ತುಂಡಿನ್ಯಾಗ ಬೆಳಕು ಹೋಗೂದು 30 ಸೆಂಟಿಮೀಟರ್, ನಮ್ಮ ಭಾಷಾದಾಗ ಒಂದು ಫೂಟಿಗೆ ಒಂದೂವರಿ ಸೂತ ಕಡಿಮಿ. ಹತ್ತು ಫೂಟಿನ ಖೋಲಿ ಒಳಗ ಹೋಗಿ ವಾಪಸ್ ಬರಾಕ ಇಪ್ಪತ್ತು ನ್ಯಾನೋಸೆಕೆಂಡ್. ಇಲ್ಲೀತನಕ ಸರಿ, ಇಷ್ಟನ್ನ ಎಣಿಸೋ ಇಲೆಕ್ಟ್ರಾನಿಕ್ಸ್ ಸಿಗತಾವ. ಆದ್ರ ಗ್ವಾಡಿ ಒಂದು ಸೂತ ಹಿಂದ ಸರದ್ರ ಬೆಳಕಿಗೆ ಎಷ್ಟು ಹೆಚ್ಚು ಹೊತ್ತು ಹಿಡೀತೈತಿ ಗೊತ್ತೇನ್ರಿ, 21 ಪಿಕೋಸೆಕೆಂಡ್, ಅಂದ್ರ ನ್ಯಾನೋಸೆಕೆಂಡಿನ ಐವತ್ತನೇ ಭಾಗಕ್ಕಿಂತ ಚೂರು ಹೆಚ್ಚು. ಅಷ್ಟು ಬಾರೀಕ ಸ್ಟಾಪ್‌ವಾಚ್‌ನ ಎರಡು ಸಾವಿರದ ಡಬ್ಬಿ ಒಳಗ ಕೂಡ್ಸೂದು ಭಾಳ ಕಷ್ಟ. ಎಕ್ಸ್‌ಪ್ರೆಸ್‌ವೇ ಮ್ಯಾಲ ಪೊಲೀಸರು ಹಿಡಿಯೋ ಲೇಸರ್ ಸ್ಪೀಡ್ ಗನ್ ಇರ್ತಾವಲ್ಲ, ಅವು ಖರೇನ ಬೆಳಕಿನ ಪಲ್ಸ್ ಬಿಟ್ಟು ಟೈಮ್ ಎಣಸ್ತಾವ, ಯಾಕಂದ್ರ ಗಾಡಿ ನೂರಾರು ಮೀಟರ್ ದೂರ ಇರತೈತಿ, ಅಲ್ಲಿ ಸೂತ ಯಾರಿಗೆ ಬೇಕು.

ನಮ್ಮ ಲೇಸರ್ ಟೇಪ್ ಮಾಡೂದು ಬ್ಯಾರೆ ಯುಕ್ತಿ. ಚುಕ್ಕಿ ನಮ್ಮ ಕಣ್ಣಿಗೆ ಒಂದ ಸವನ ಉರಿಯಾಕತ್ತೈತಿ ಅನಸ್ತೈತಿ, ಆದ್ರ ಅದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಜಾಸ್ತಿ ಕಡಿಮಿ ಜಾಸ್ತಿ ಕಡಿಮಿ ಆಕ್ಕೋಂತ ಇರತೈತಿ. ಲೆಕ್ಕಕ್ಕ ಸುಲಭ ಆಗ್ಲಿ ಅಂತ 15 ಕೋಟಿ ಸಲ ಅಂತ ಹಿಡೀರಿ, ಆಗ ಒಂದು ಏರಿಳಿತದ ಉದ್ದ ಎರಡು ಮೀಟರ್ ಆತು. ಹೋಗೋ ಬೆಳಕು ಏರೋ ಹೊತ್ತಿನ್ಯಾಗ ವಾಪಸ್ ಬಂದ ಬೆಳಕು ಇಳಿಯಾಕತ್ತಿದ್ರ, ಎಷ್ಟು ಹಿಂದ ಬಿದ್ದೈತಿ ಅಂತ ಮಷಿನ್ ಎರಡನ್ನೂ ಜೋಡಿ ಹಚ್ಚಿ ನೋಡ್ತೈತಿ, ಅದಕ್ಕ ಫೇಸ್ ಅಂತಾರ. ಒಂದು ಏರಿಳಿತವನ್ನ ಐನೂರು ಭಾಗ ಮಾಡಿ ಗುರುತಿಸಿದ್ರ ಸಾಕು, ಹೋಗಿ ಬರೋ ಲೆಕ್ಕ ಅಂದಮ್ಯಾಲ ಅರ್ಧ, ಎರಡು ಮಿಲಿಮೀಟರ್ ಸಿಕ್ಕ ಹೋತು. ಹಂಗಾದ್ರ ಗ್ವಾಡಿ ಒಂದು ಮೀಟರ್ ದೂರ ಇದ್ರೂ, ಎರಡು ಮೀಟರ್ ಇದ್ರೂ, ಏಳು ಮೀಟರ್ ಇದ್ರೂ ಫೇಸ್ ಒಂದ ಬರತೈತಿ ಅಲ್ಲ? ಬರತೈತಿ. ಅದಕ್ಕ ಮಷಿನ್ ಏರಿಳಿತದ ಸ್ಪೀಡ್ ಬದಲ್ಸಿ ನಿಧಾನದ್ದೂ ಕಳಸ್ತೈತಿ, ಗಡಿಯಾರದಾಗ ಗಂಟೆ ಮುಳ್ಳು ದಪ್ಪ ಲೆಕ್ಕ ಹೇಳಿ ನಿಮಿಷದ ಮುಳ್ಳು ಬಾರೀಕ ಲೆಕ್ಕ ಹೇಳ್ತಾವಲ್ಲ, ಹಂಗ ನಿಧಾನದ್ದು ಎಷ್ಟನೇ ಮೀಟರ್ ಅಂತ ಹೇಳ್ತೈತಿ, ಜೋರಿಂದು ಮೀಟರಿನೊಳಗ ಎಲ್ಲಿ ಅಂತ ಹೇಳ್ತೈತಿ. ಬಟನ್ ಒತ್ತಿದ ಮ್ಯಾಲ ಅರ್ಧ ಒಂದು ಸೆಕೆಂಡ್ ವಿಚಾರ ಮಾಡ್ತೈತಲ್ಲ, ಆ ಹೊತ್ತು ಬೆಳಕು ಹೋಗಿ ಬರಾಕ ಅಲ್ಲ, ಬೆಳಕು ಅಷ್ಟೊತ್ತಿಗೆ ಚಂದ್ರನ ಕಡೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದಾರಿ ದಾಟಿರತೈತಿ, ಇದು ಸಾವಿರಾರು ಸಲ ನೋಡಿ ಸರಾಸರಿ ತಗಿಯಾಕ ಹಿಡಿಯೋ ಟೈಮ್.

ನನಗ ಭಾಳ ಸೇರಿದ್ದು ಏನಂದ್ರ ಈ ಯುಕ್ತಿ 1849ರಷ್ಟು ಹಳೇದು. ಫ್ರಾನ್ಸಿನ್ಯಾಗ ಫಿಝೋ ಅಂತ ಒಬ್ಬ ವಿಜ್ಞಾನಿ, 720 ಹಲ್ಲಿನ ಒಂದು ಚಕ್ರ ತಿರುಗಿಸಿ ಅದರ ಹಲ್ಲಿನ ಸಂದಿಯಿಂದ ಬೆಳಕು ಬಿಟ್ಟ, ಆ ಬೆಳಕು 8.6 ಕಿಲೋಮೀಟರ್ ದೂರದ ಕನ್ನಡಿಗೆ ಬಡಿದು ವಾಪಸ್ ಬರೂದ್ರಾಗ ಸಂದಿ ಇದ್ದ ಜಾಗಾಕ್ಕ ಹಲ್ಲು ಬಂದ್ರ ಬೆಳಕು ಕಾಣಂಗಿಲ್ಲ. ಸೆಕೆಂಡಿಗೆ ಸುಮಾರು 12.6 ಸುತ್ತು ತಿರುಗಿಸಿದಾಗ ಕತ್ತಲಾತು, ಅದರಿಂದ ಬೆಳಕಿನ ಸ್ಪೀಡ್ ಲೆಕ್ಕ ಹಾಕಿದ, ಇವತ್ತಿನ ನಂಬರಿಗಿಂತ ಐದು ಪರ್ಸೆಂಟಿನಷ್ಟ ಹೆಚ್ಚು ಬಂತು. ಕೈಯಾಗ ಲೇಸರ್ ಇಲ್ಲ, ಕರೆಂಟಿನ ಬಲ್ಬ್ ಸೈತ ಇಲ್ಲದ ಕಾಲದಾಗ ಇಷ್ಟು ಬರೋಬರಿ! ಅವನ ಚಕ್ರ ಬೆಳಕನ್ನ ಸೆಕೆಂಡಿಗೆ ಒಂಬತ್ತು ಸಾವಿರ ಸಲ ಕಡೀತಿತ್ತು, ಅದಕ್ಕ ಅವಗ ಊರಿಂದ ಊರಿಗೆ ದೂರ ಬೇಕಾತು. ನಮ್ಮ ಡಬ್ಬಿ ಕೋಟಿಗಟ್ಟಲೆ ಸಲ ಕಡೀತೈತಿ, ಅದಕ್ಕ ಬೆಡ್‌ರೂಮಿನ ಗ್ವಾಡಿ ಸಾಕಾಗ್ತೈತಿ. ಕೆಲಸ ಎರಡೂ ಒಂದ.

ಕೊರತಿ ಹೇಳಬೇಕಂದ್ರ ಮೊದಲನೇದು ಬಿಸಲು. ಡಬ್ಬಿ ಮ್ಯಾಲ 50 ಮೀಟರ್ ಅಂತ ದೊಡ್ಡದಾಗಿ ಬರದಾರ, ಅದು ಖೋಲಿ ಒಳಗಿನ ಮಾತು. ಏಪ್ರಿಲ್ ತಿಂಗಳ ಮಧ್ಯಾಹ್ನ ಹಡಪಸರ್‌ನ್ಯಾಗ ಒಂದು ಟೆರೇಸ್ ಮ್ಯಾಲ ಹಿಡದ್ರ ಹತ್ತು ಹದಿನೈದು ಮೀಟರಿಗೆ ಎರರ್ ಅನ್ನಾಕ ಶುರು ಮಾಡ್ತು, ಚುಕ್ಕಿ ನಮಗೂ ಕಾಣಲಿಲ್ಲ ಮಷಿನ್ನಿಗೂ ಕಾಣಲಿಲ್ಲ. ಲೇಸರಿನ ಪವರ್ ಒಂದು ಮಿಲಿವಾಟಿಗಿಂತ ಕಡಿಮಿ, ಕಣ್ಣಿನ ಸುರಕ್ಷಾ ಸಲುವಾಗಿ ಹಂಗ ಇಟ್ಟಿರ್ತಾರ, ಗ್ವಾಡಿಗೆ ಬಡಿದು ಎಲ್ಲಾ ಕಡೆ ಚೆದರಿ ಅದರಾಗ ಚೂರ ಚೂರು ವಾಪಸ್ ಬರೂದು, ಅದರ ಮ್ಯಾಲ ಸೂರ್ಯನ ಬೆಳಕು ಸುರಿದ್ರ ಪಾಪ ಅದರ ಏರಿಳಿತ ಯಾರು ಹುಡುಕಬೇಕು. ಬಿಳಿ ಕಾರ್ಡ್‌ಬೋರ್ಡ್ ಹಿಡದು ನೆರಳು ಮಾಡ್ರಿ, ಇಲ್ಲಾಂದ್ರ ಮುಂಜಾನೆ ಏಳಕ್ಕ ಹೋಗ್ರಿ. ಕರೀ ಮ್ಯಾಟ್ ಲ್ಯಾಮಿನೇಟಿಗೂ ಇದ ಗೋಳು, ಬೆಳಕು ಕುಡಿದು ಕುಂದರ್ತೈತಿ.

ಎರಡನೇದು ಕನ್ನಡಿ. ವಾರ್ಡ್‌ರೋಬಿನ ಕನ್ನಡಿ ಶಟರಿಗೆ ಚುಕ್ಕಿ ಹಿಡದ್ರ ಮಷಿನ್ನು ಕನ್ನಡಿ ತನಕದ ದೂರ ಹೇಳೂದಿಲ್ಲ, ಬೆಳಕು ಕನ್ನಡಿಗೆ ಬಡಿದು ಯಾವ ಗ್ವಾಡಿ ಮ್ಯಾಲ ಬಿತ್ತೋ ಅಲ್ಲೀತನಕದ್ದು ಸೇರಿಸಿ ಹೇಳ್ತೈತಿ. ಮಷಿನ್ ತಪ್ಪಲ್ಲ ಅದು. ಕನ್ನಡಿ ಮ್ಯಾಲ ಒಂದು ತುಣುಕು ಮಾಸ್ಕಿಂಗ್ ಟೇಪ್ ಹಚ್ಚಿದ್ರ ಮುಗೀತು.

ಮೂರನೇದು ಹೊಸ ಹುಡುಗ್ರು ಕೆಲಸಕ್ಕ ಇದ್ದವರು ಓದ್ಲೇಬೇಕು. ಅಳತಿ ಮಷಿನ್ನಿನ ಹಿಂದಿನ ತುದಿಯಿಂದ ಹಿಡೀಬೇಕೋ ಮುಂದಿನ ತುದಿಯಿಂದೋ ಅಂತ ಒಂದು ಸಣ್ಣ ಬಟನ್ ಐತಿ, ಪಾಕೀಟಿನ್ಯಾಗ ಅದು ಒತ್ತಿ ಬದಲಾಗಿದ್ರ ಮಷಿನ್ನಿನ ಉದ್ದ, ಅಂದ್ರ ಸುಮಾರು ಅರ್ಧ ಗೇಣು ಇರತೈತಲ್ಲ ಅಷ್ಟು, ಎಲ್ಲಾ ಅಳತಿ ಒಳಗೂ ಹೋಗಿಬಿಡ್ತೈತಿ. ಸ್ಕ್ರೀನಿನ ಮೂಲ್ಯಾಗ ಒಂದು ಬಾಣದ ಗುರುತು ಇರತೈತಿ, ಶುರು ಮಾಡೂಕಿಂತ ಮೊದಲ ಅದನ್ನ ನೋಡೋ ರೂಢಿ ಹಾಕ್ರಿ. ಬಬಲ್ ಲೆವೆಲ್ ಅಂತ ಒಂದು ಹಸರು ಗುಳ್ಳಿ ಕೊಟ್ಟಾರ, ಅದು ಶೋಕಿಗೆ.

ಈಗ ಹುಡುಗ್ರ ಮಾತು. ನಮ್ಮ ಅಣ್ಣನ ಮಗಳು ಒಂಬತ್ತನೇತ್ತ ಓದ್ತಾಳ, ಮಷಿನ್ ನೋಡಿದ ಕೂಡ್ಲೆ ಆಕಿದು ಒಂದ ಪ್ರಶ್ನೆ. "ಕಾಕಾ, ಹಂಗಾರ ಇದರ ಮ್ಯಾಲ ಬೆಳಕಿನ ಸ್ಪೀಡ್ ತಗೀಬಹುದಲಾ? ದೂರ ನಾವು ಟೇಪ್‌ಲೆ ಅಳಿಯೂದು, ಟೈಮ್ ಮಷಿನ್ ಹೇಳ್ಲಿ, ಭಾಗಿಸಿದ್ರ ಆತು." ಪ್ರಶ್ನೆ ಬರೋಬರಿ ಐತಿ, ಆದ್ರ ಮಷಿನ್ ಟೈಮ್ ತೋರ್ಸೂದಿಲ್ಲ, ತೋರ್ಸೂದು ದೂರ ಮಾತ್ರ. ಬೆಳಕಿನ ಸ್ಪೀಡ್ ಎಷ್ಟು ಅನ್ನೂದು ಅದರ ಚಿಪ್ ಒಳಗ ಮೊದಲ ಬರದು ಕೂಡ್ಸ್ಯಾರ, ಅದರ್ಲೆ ಗುಣಿಸಿನ ನಿಮಗ ಮೀಟರ್ ಹೇಳ್ತೈತಿ. ನಾವು ಹಾಕಿದ್ದ ನಂಬರ್ ನಮಗ ವಾಪಸ್ ಬಂದ್ರ ಅದು ಪ್ರಯೋಗ ಆಗೂದಿಲ್ಲ. ಅಂಗಡಿ ಹುಡುಗ "ಸಾಲಿ ಹುಡುಗ್ರಿಗೆ ಬೆಳಕಿನ ಸ್ಪೀಡ್ ತೋರ್ಸಾಕೂ ಬರತೈತಿ" ಅಂದಿದ್ದು ಇಲ್ಲಿಗೆ ನಿಂತ ಹೋತು.

ಇನ್ನೂ ಒಂದು ಮಜಾ ಅಂದ್ರ ಟೇಪಿನ ಮ್ಯಾಲಿನ ಮೀಟರ್ ಸೈತ ಈಗ ಬೆಳಕಿನ ಕೈಯಾಗ ಐತಿ. ಮೊದಲ ಪ್ಯಾರಿಸ್ ಹತ್ತಿರ ಇಟ್ಟ ಪ್ಲಾಟಿನಂ ಇರಿಡಿಯಂ ಸರಳು ಮೀಟರ್ ಆಗಿತ್ತು, 1960ರಾಗ ಅದನ್ನ ಬಿಟ್ರು, 1983ರಿಂದ ನಿರ್ವಾತದಾಗ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಾಗ ಎಷ್ಟು ದೂರ ಹೋಗ್ತೈತೋ ಅದ ಒಂದು ಮೀಟರ್. ಹಂಗಾಗಿ ಬೆಳಕಿನ ಸ್ಪೀಡ್ ಇವತ್ತು ಅಳಿಯೋ ವಸ್ತುನ ಅಲ್ಲ, ಸೆಕೆಂಡಿಗೆ 29,97,92,458 ಮೀಟರ್ ಅಂತ ಮೊದಲ ಒಪ್ಪಿಕೊಂಡು ಕೂತಿದ್ದು, ನೀವು ಎಷ್ಟ ಚಲೋ ಪ್ರಯೋಗ ಮಾಡಿದ್ರೂ ಸುಧಾರಿಸೂದು ನಿಮ್ಮ ಮೀಟರ್ ಹೊರತು ಬೆಳಕಿನ ನಂಬರ್ ಅಲ್ಲ. ಇದನ್ನ ಕೇಳಿ ಆಕಿ ಮುಖ ಸಣ್ಣ ಮಾಡಿದ್ಲು.

ಆದ್ರ ಒಂದು ಕೆಲಸ ಈ ಮಷಿನ್ ಚಂದ ಮಾಡ್ತೈತಿ, ಮಾಡಿ ನೋಡ್ರಿ. ನೀರಿನ್ಯಾಗ ಬೆಳಕು ನಿಧಾನ ಆಗೂದನ್ನ ಕಣ್ಣಾರೆ ತೋರಸ್ತೈತಿ. ಅಣ್ಣನ ಮನ್ಯಾಗ ಎರಡು ಫೂಟಿನ ಫಿಶ್ ಟ್ಯಾಂಕ್ ಖಾಲಿ ಬಿದ್ದಿತ್ತು. ಒಂದು ತುದಿಗೆ ಹೊರಗಿನಿಂದ ಬಿಳಿ ಹಾಳಿ ಹಚ್ಚಿದ್ವಿ, ಇನ್ನೊಂದು ತುದಿಯ ಗಾಜಿಗೆ ಮಷಿನ್ ಹಚ್ಚಿ, ಅಳತಿ ಮುಂದಿನ ತುದಿಯಿಂದ ಅಂತ ಸೆಟ್ ಮಾಡಿ ಬಟನ್ ಒತ್ತಿದ್ರ 0.6 ಮೀಟರ್ ಚಿಲ್ಲರ ಬಂತು, ಟೇಪ್‌ಲೆ ನೋಡಿದ್ರೂ ಅಷ್ಟ. ಆಮ್ಯಾಲ ಬಕೆಟ್ ತಂದು ಚುಕ್ಕಿ ಹೋಗೋ ದಾರಿ ಮುಳಗೂತನಕ ನೀರು ತುಂಬಿದ್ವಿ. ಮೊದಲ ಎರಡು ಸಲ ಎರರ್, ಯಾಕಂದ್ರ ಗಾಜಿಗೆ ಗುಳ್ಳಿ ಹತ್ತಿದ್ವು ಮತ್ತ ಹತ್ತಿರದ ಗಾಜಿನಿಂದನ ಬೆಳಕು ವಾಪಸ್ ಹೊಡಿಯಾಕತ್ತಿತ್ತು. ಬಟ್ಟಿಲೆ ಗುಳ್ಳಿ ಒರಸಿ ಮಷಿನ್ ಚೂರ ಓರೆ ಮಾಡಿ ಹಿಡದ್ರ ನೀರಿನೊಳಗ ತೆಳ್ಳನ್ನ ಕೆಂಪು ಗೆರಿ ಕಂಡ್ತು, ಸ್ಕ್ರೀನ್ ಮ್ಯಾಲ 0.8 ಮೀಟರ್ ಚಿಲ್ಲರ. ಟ್ಯಾಂಕ್ ಅದ, ಗಾಜು ಅದ, ಹಾಳಿ ಅದ, ಅಳತಿ ಮಾತ್ರ ಇಪ್ಪತ್ತು ಸೆಂಟಿಮೀಟರ್ ಬೆಳೀತು! ಆಕಿ ಟೇಪ್ ತಂದು ಮತ್ತ ಅಳದ್ಲು, ಟ್ಯಾಂಕ್ ಏನ್ ಬೆಳದಿರಲಿಲ್ಲ ಬಿಡ್ರಿ.

ಮಷಿನ್ನಿಗೆ ನೀರು ಅಂತ ಗೊತ್ತಿಲ್ಲ. ಬೆಳಕು ಗಾಳ್ಯಾಗಿನ ಸ್ಪೀಡಿಗೇ ಹೋಗ್ಯಾದ ಅಂತ ಅದರ ನಂಬಿಕಿ, ತಡ ಆಗಿ ಬಂದಿದ್ದಕ್ಕ ಗ್ವಾಡಿ ದೂರ ಐತಿ ಅಂತ ತಿಳ್ಕೊಂತು. 0.6ನ್ನ 0.8ರಿಂದ ಭಾಗಿಸ್ರಿ, ಮುಕ್ಕಾಲು. ನೀರಿನ್ಯಾಗ ಬೆಳಕಿನ ಓಟ ಮುಕ್ಕಾಲಕ್ಕ ಇಳೀತೈತಿ, ಸೆಕೆಂಡಿಗೆ ಎರಡೂಕಾಲು ಲಕ್ಷ ಕಿಲೋಮೀಟರ್. ಇದು ಸಣ್ಣ ಮಾತಲ್ಲ. ಬೆಳಕು ಕಣಗಳ ಸುರಿಮಳಿ ಅಂತ ಹಿಡದ್ರ ನೀರಿನ್ಯಾಗ ಅದು ಜೋರಾಗಬೇಕು ಅಂತ ನ್ಯೂಟನ್ ಕಡೆಯವರ ಲೆಕ್ಕ, ಅಲೆ ಅಂತ ಹಿಡದ್ರ ನಿಧಾನ ಆಗಬೇಕು. ನೂರು ವರ್ಷಕ್ಕೂ ಹೆಚ್ಚು ಎಳದಾಡಿದ ಈ ವಾದಕ್ಕ 1850ರಾಗ ಫ್ರಾನ್ಸಿನ ಫೂಕೋ ತಿರುಗೋ ಕನ್ನಡಿ ಇಟ್ಟು ನೀರಿನ್ಯಾಗ ನಿಧಾನನ ಅಂತ ತೋರ್ಸಿದ. ಅವಗ ಅದಕ್ಕ ಒಂದು ಪ್ರಯೋಗಶಾಲೆ ಬೇಕಾತು, ನಮಗ ಒಂದು ಹಳೇ ಫಿಶ್ ಟ್ಯಾಂಕ್ ಸಾಕಾತು.

ಗಾಜಿಂದೂ ಇದ ಕಥಿ, ಮತ್ತ ಇದು ನಮ್ಮ ಧಂಧೆಗೂ ಬೇಕಾದ ಮಾತು. ಆಫೀಸಿನ 12 ಎಂಎಂ ಗ್ಲಾಸ್ ಪಾರ್ಟಿಶನ್ ಆಚೆ ಗ್ವಾಡಿಗೆ ಗಾಜಿನ ಒಳಗಿಂದನ ಚುಕ್ಕಿ ಹಿಡದ್ರ ಆರು ಮಿಲಿಮೀಟರ್ ಹೆಚ್ಚು ಬರತೈತಿ, ಬಾಗಲಾ ತಗದು ಹಿಡದ್ರ ಸರಿ ಬರತೈತಿ. ಗಾಜಿನ್ಯಾಗ ಬೆಳಕು ಒಂದೂವರಿ ಪಟ್ಟು ನಿಧಾನ, ಗಾಜಿನ ದಪ್ಪದ ಅರ್ಧದಷ್ಟು ಹೆಚ್ಚು ಕಾಣ್ತೈತಿ. ಆರು ಮಿಲಿಮೀಟರ್ ಅಂದ್ರ ಎರಡು ಸೂತಕ್ಕ ಹತ್ತಿರ, ಶಟರ್ ಕೂಡೂದಿಲ್ಲ. ಗಾಳಿ ಸೈತ ಸುಮ್ಮ ಬಿಡೂದಿಲ್ಲ, ನಿರ್ವಾತಕ್ಕಿಂತ ಗಾಳ್ಯಾಗ ಬೆಳಕು ಸೆಕೆಂಡಿಗೆ 80 ಕಿಲೋಮೀಟರ್ ಚಿಲ್ಲರ ಕಡಿಮಿ ಓಡ್ತೈತಿ, ಇದನ್ನ ಲೆಕ್ಕಕ್ಕ ಹಿಡೀಲಿಲ್ಲಂದ್ರ 50 ಮೀಟರಿಗೆ ಹದಿಮೂರು ಮಿಲಿಮೀಟರ್ ಫರಕು ಬೀಳ್ತಿತ್ತು, ಆದ್ರ ಅದನ್ನ ಮೊದಲ ಸೇರಿಸಿ ಮಾಡಿರ್ತಾರ. ಥಂಡಿ ಬಿಸಿಲಿನ ಹವಾದಿಂದ ಆಗೋ ಬದಲಾವಣಿ ನಮ್ಮ ಸೂತಕ್ಕ ಲೆಕ್ಕಕ್ಕಿಲ್ಲ.

ಹುಡುಗ್ರಿಗೆ ಇದರ ರುಚಿ ಹತ್ತಿದ್ರ ಪುಣೆದಾಗ ಇರೋರಿಗೆ ಒಂದು ಮಾತು, ನಾಶಿಕ್ ರಸ್ತೆ ಮ್ಯಾಲ ನಾರಾಯಣಗಾಂವ ಹತ್ತಿರ ಖೋಡದದಾಗ ಆಕಾಶದಿಂದ ಬರೋ ರೇಡಿಯೋ ಅಲೆ ಹಿಡಿಯೋ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ಐತಿ, 45 ಮೀಟರ್ ಅಗಲದ 30 ಡಿಶ್, ಫೆಬ್ರುವರಿ 28ರ ಸೈನ್ಸ್ ಡೇಕ್ಕ ಮಂದಿಗೆ ನೋಡಾಕ ಬಿಡ್ತಾರ. ಡಿಶ್‌ಗಳು ಇಪ್ಪತ್ತೈದು ಕಿಲೋಮೀಟರ್ ಹಬ್ಬ್ಯಾವ, ಎಲ್ಲಾದರ ಸಿಗ್ನಲ್ ಆಪ್ಟಿಕಲ್ ಫೈಬರ್ ಒಳಗ ಬೆಳಕಾಗಿ ನಡುವಿನ ಕಟ್ಟಡಕ್ಕ ಬರತೈತಿ, ಫೈಬರ್ ಅಂದ್ರನೂ ಗಾಜ, ಹತ್ತು ಕಿಲೋಮೀಟರಿಗೆ ಐವತ್ತು ಮೈಕ್ರೋಸೆಕೆಂಡ್ ತಡ. ದೂರದ ಡಿಶ್ಶಿಂದು ತಡಾಗಿ ಬರತೈತಿ, ಹತ್ತಿರದ್ದು ಲಗೂನ ಬರತೈತಿ, ಆ ತಡವನ್ನ ಸರಿಪಡಿಸದ ಹೊರತು ಮೂವತ್ತೂ ಕೂಡಿ ಒಂದು ಟೆಲಿಸ್ಕೋಪ್ ಆಗೂದಿಲ್ಲ. ಫಿಶ್ ಟ್ಯಾಂಕ್ ನೋಡಿ ಹೋದ ಹುಡುಗ್ರಿಗೆ ಅಲ್ಲಿಯವರು ಹೇಳೂದು ಲಗೂ ತಿಳೀತೈತಿ. ನಮ್ಮ ಚಂದ್ರಯಾನ 3ರ ವಿಕ್ರಮ್ ಮ್ಯಾಲನೂ ನಾಸಾದ ಒಂದು ಸಣ್ಣ ಪ್ರತಿಫಲಕ, ಅಂದ್ರ ಬೆಳಕನ್ನ ಬಂದ ಕಡೇನ ವಾಪಸ್ ಕಳಸೋ ಸಾಮಾನು ಐತಿ, 2023ರ ಡಿಸೆಂಬರ್ 12ಕ್ಕ ಚಂದ್ರನ ಸುತ್ತ ತಿರುಗೋ ಅವರ ನೌಕೆ ನೂರು ಕಿಲೋಮೀಟರ್ ದೂರದಿಂದ ಅದಕ್ಕ ಲೇಸರ್ ಹೊಡದು ವಾಪಸ್ ಹಿಡೀತು. ಅಲ್ಲಿ ಐತಿ ನೋಡ್ರಿ ಖರೇ ಸ್ಟಾಪ್‌ವಾಚ್.

ತಗೋಬೇಕೋ ಬ್ಯಾಡೋ ಅಂದ್ರ, ತಗೋರಿ, ಐದಕ್ಕ ನಾಕು ಸ್ಟಾರ್. ಒಂದು ಸ್ಟಾರ್ ಬಿಸಲಿಗೂ ಆ ದರಿದ್ರ ಮ್ಯಾನುವಲ್ಲಿಗೂ ಕಟ್ ಮಾಡೇನಿ, ಅದರಾಗಿನ ಇಂಗ್ಲಿಷ್ ಇಂಗ್ಲಿಷ್‌ದವರಿಗೂ ತಿಳಿಯಂಗಿಲ್ಲ. ಹೊರಗಿನ ಕೆಲಸ, ಪ್ಲಾಟ್ ಅಳತಿ, ಕಂಪೌಂಡ್ ಅಂತ ಹೆಚ್ಚು ಇದ್ರ ಇದು ಬ್ಯಾಡ, ಕ್ಯಾಮರಾ ಇರೋ ತುಟ್ಟಿ ಮಾಡೆಲ್ ನೋಡ್ರಿ, ಬಿಸಲಿನ್ಯಾಗ ಚುಕ್ಕಿ ಸ್ಕ್ರೀನ್ ಮ್ಯಾಲ ಕಾಣ್ತೈತಿ. ಅಂಗಡ್ಯಾಗನ ಫರಸಿ ಮ್ಯಾಲ ಸ್ಟೀಲ್ ಟೇಪ್ ಬಿಚ್ಚಿ ಮೂರು ಮೀಟರಿಗೆ ಒಂದು ಸಲ, ಅರ್ಧ ಮೀಟರಿಗೆ ಒಂದು ಸಲ ಚೆಕ್ ಮಾಡಿ ತಗೋರಿ, ಎರಡರಾಗೂ ಫರಕು ಒಂದ ಇದ್ರ ತುದಿ ಸೆಟಿಂಗ್ ಇರಬಹುದು, ದೂರ ಹೆಚ್ಚಾದಂಗ ಫರಕೂ ಹೆಚ್ಚಾದ್ರ ಆ ಪೀಸ್ ಅಲ್ಲೇ ಬಿಟ್ಟು ಇನ್ನೊಂದು ಕೇಳ್ರಿ. ಸಣ್ಣ ಹುಡುಗ್ರ ಕೈಗೆ ಕೊಟ್ರ ಕಣ್ಣಿಗೆ ಹಿಡೀದಂಗ ನೋಡ್ಕೊಳ್ರಿ. ಎರಡು ಪೆನ್ಸಿಲ್ ಸೆಲ್ ಮ್ಯಾಲ ತಿಂಗಳಗಟ್ಟಲೆ ನಡೀತೈತಿ, ಕೆಲಸ ಇಲ್ಲದ ತಿಂಗಳು ಸೆಲ್ ತಗದಿಡ್ರಿ, ಮಳಿಗಾಲದಾಗ ಸೋರಿದ್ರ ಸ್ಪ್ರಿಂಗ್ ಕಿಲುಬು ಹಿಡೀತೈತಿ, ಮತ್ತ ವಾರಂಟಿ ಕಾರ್ಡಿಗೆ ಅಂಗಡಿ ಸಿಕ್ಕಾ ಹಾಕಿಸ್ಕೊಂಡ ಬರ್ರಿ.